ಮಿಕ್ಕಿ ಇಲಿಗೂ ಒಂದು ಸೆಂಟರ್ ಲೈನು

ಪೀಣ್ಯದಲ್ಲಿ ‘ಡ್ರಾಯಿಂಗ್’ ಎಂಬ ಮಾತಿಗೆ ಬೆಂಗಳೂರಿನ ಬೇರೆ ಬಡಾವಣೆಗಳಲ್ಲಿ ಇಲ್ಲದ ಒಂದು ಅರ್ಥವಿದೆ. ಮಲ್ಲೇಶ್ವರದಲ್ಲೋ ಬಸವನಗುಡಿಯಲ್ಲೋ ಮಗು ಡ್ರಾಯಿಂಗ್ ಮಾಡುತ್ತಿದೆ ಎಂದರೆ ಎರಡು ಗುಡ್ಡದ ನಡುವೆ ಸೂರ್ಯ, ಕೆಳಗೊಂದು ಮನೆ, ಪಕ್ಕದಲ್ಲಿ ತೆಂಗಿನ ಮರ. ಪೀಣ್ಯದಲ್ಲಿ ಡ್ರಾಯಿಂಗ್ ಎಂದರೆ ಎಣ್ಣೆಗೈ ಗುರುತು ಹತ್ತಿದ, ನಾಲ್ಕಾಗಿ ಮಡಿಸಿದ ಒಂದು ಹಾಳೆ. ಅದರಲ್ಲೊಂದು ಷಾಫ್ಟೋ ಬುಷ್ಷೋ ಇರುತ್ತದೆ. ಎಷ್ಟು ಉದ್ದ, ಎಷ್ಟು ದಪ್ಪ, ಎಷ್ಟು ಹೆಚ್ಚುಕಡಿಮೆಯಾದರೆ ನಡೆದೀತು ಎಂಬುದೆಲ್ಲ ಬರೆದಿರುತ್ತದೆ. ಲೇತಿನ ಮುಂದೆ ನಿಂತ ಟರ್ನರ್ ಆ ಅಳತೆಯಿಂದ ಕೂದಲೆಳೆಯಷ್ಟು ಆಚೆ ಹೋದರೂ ಜಾಬು ರಿಜೆಕ್ಟ್. ಹಾಳೆಯ ಕೆಳಗಿನ ಮೂಲೆಯಲ್ಲಿ ಕಂಪನಿಯ ಹೆಸರು. ಕೆಲಸ ಶೆಡ್ಡಿನದು, ಡ್ರಾಯಿಂಗು ಕಂಪನಿಯದು. ಇದನ್ನೇ ಜಾಬ್ ವರ್ಕ್ ಎನ್ನುವುದು. ಇಲ್ಲಿ ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂದಿನ ವಿಷಯ ಮಿಕ್ಕಿ ಮೌಸ್ ಬರೆಯುವುದನ್ನು ಕಲಿಯುವ ಬಗೆ. ಲೇತು ಎಲ್ಲಿ, ಅಮೆರಿಕದ ಇಲಿ ಎಲ್ಲಿ ಎಂದು ಹುಬ್ಬೇರಿಸುವ ಮೊದಲು ಒಂದು ತರಗತಿಯ ಒಳಗೆ ಹೋಗಿ ಬರುವುದು ಒಳ್ಳೆಯದು.

ಡಿಸ್ನಿ ಕಂಪನಿ 1955ರಲ್ಲಿ ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ಎಂಬ ವಿಹಾರೋದ್ಯಾನ ತೆರೆಯಿತು. 2001ರಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ಉದ್ಯಾನ ಆರಂಭವಾಯಿತು. ಅಲ್ಲಿ ಉಯ್ಯಾಲೆ, ರೈಲು, ನೀರಾಟಗಳ ನಡುವೆ ‘ಅನಿಮೇಷನ್ ಅಕಾಡೆಮಿ’ ಎಂಬ ಕೋಣೆಯೂ ಸೇರಿಕೊಂಡಿತು. ಹೆಸರು ದೊಡ್ಡದು, ಪಾಠ ಇಪ್ಪತ್ತು ನಿಮಿಷದ್ದು. ಸಾಲು ಸಾಲು ಡೆಸ್ಕು, ಪ್ರತಿಯೊಬ್ಬರಿಗೂ ಒಂದು ಹಾಳೆ, ಒಂದು ಪೆನ್ಸಿಲು. ಮುಂದೆ ಕುಳಿತ ಕಲಾವಿದ ಗೆರೆ ಎಳೆದಂತೆಲ್ಲ ಅದು ಎದುರಿನ ಪರದೆಯ ಮೇಲೆ ದೊಡ್ಡದಾಗಿ ಮೂಡುತ್ತದೆ. ಕುಳಿತವರೂ ಜೊತೆಜೊತೆಗೆ ಎಳೆಯುತ್ತಾರೆ. ಮಕ್ಕಳ ಪಕ್ಕದಲ್ಲಿ ಅಪ್ಪ, ಅಪ್ಪನ ಪಕ್ಕದಲ್ಲಿ ಅಜ್ಜಿ. ಶಾಲೆ ಬಿಟ್ಟ ಮೇಲೆ ಪೆನ್ಸಿಲು ಮುಟ್ಟದವರೇ ಹೆಚ್ಚು.

ಪಾಠದ ಕ್ರಮ ಹೀಗಿದೆ. ಮೊದಲು ಒಂದು ವೃತ್ತ. ಒತ್ತಿ ಬರೆಯಬಾರದು, ತೆಳ್ಳಗೆ. ಆ ವೃತ್ತದ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಗೆರೆ, ಎಡದಿಂದ ಬಲಕ್ಕೆ ಇನ್ನೊಂದು. ಎರಡೂ ನೇರ ಗೆರೆಗಳಲ್ಲ, ಚೆಂಡಿನ ಮೈಗೆ ದಾರ ಸುತ್ತಿದರೆ ಹೇಗೆ ಬಾಗುತ್ತದೋ ಹಾಗೆ ಬಾಗಿದವು. ಮುಖ ಯಾವ ಕಡೆ ತಿರುಗಿದೆ, ತಲೆ ಎತ್ತಿದೆಯೋ ತಗ್ಗಿದೆಯೋ ಎಂಬುದನ್ನು ಈ ಎರಡು ಗೆರೆಗಳೇ ತೀರ್ಮಾನಿಸುತ್ತವೆ. ಅಡ್ಡಗೆರೆಯ ಮೇಲೆ ಕಣ್ಣು ಕೂರುತ್ತದೆ, ಗೆರೆಗಳು ಕೂಡುವ ಕಡೆ ಮೂತಿ. ಆಮೇಲೆ ಮೂಗಿನ ತುದಿ, ಕೆನ್ನೆ, ನಗು. ಕೊನೆಗೆ ಎರಡು ಕಿವಿ, ಅವೂ ವೃತ್ತಗಳೇ. ಎಲ್ಲ ಕೂಡಿ ಬಂದ ಮೇಲೆ ಬೇಕಾದ ಗೆರೆಗಳನ್ನಷ್ಟೇ ಕಪ್ಪಾಗಿ ತಿದ್ದಬೇಕು. ಮೊದಲು ಎಳೆದ ನಡುಗೆರೆ ಮಸುಕಾಗಿ ಹಿಂದೆ ಸರಿಯುತ್ತದೆ. ಹಾಳೆಯ ಮೇಲೆ ಮಿಕ್ಕಿ ನಗುತ್ತಾನೆ. ಅಜ್ಜಿಯೂ ನಗುತ್ತಾಳೆ.

ಈ ನಡುಗೆರೆಯನ್ನು ಪೀಣ್ಯ ಬಲ್ಲುದು. ಯಂತ್ರದ ಡ್ರಾಯಿಂಗು ಶುರುವಾಗುವುದೂ ಸೆಂಟರ್ ಲೈನಿನಿಂದಲೇ. ಮುಗಿದ ಷಾಫ್ಟಿನ ಮೇಲೆ ಆ ಗೆರೆ ಎಲ್ಲೂ ಕಾಣುವುದಿಲ್ಲ. ಆದರೆ ಅದಿಲ್ಲದೆ ಅಳತೆ ಎಲ್ಲಿಂದ ಹಿಡಿಯಬೇಕೆಂದು ಯಾವ ಫಿಟ್ಟರಿಗೂ ತಿಳಿಯದು.

ಮನೆಯ ಹೆಂಗಸರೂ ಇದನ್ನು ಬಲ್ಲರು. ದಾಸರಹಳ್ಳಿಯ ಗಲ್ಲಿಗಳಲ್ಲಿ ಬೆಳಗಿನ ಜಾವ ಬಾಗಿಲಿಗೆ ನೀರು ಹಾಕಿ ಚುಕ್ಕಿ ಇಡುವ ಹುಡುಗಿ ಮೊದಲು ಲೆಕ್ಕ ಹಾಕುತ್ತಾಳೆ: ಹದಿನೈದರಿಂದ ಒಂದಕ್ಕೆ ಇಳಿಯಬೇಕೋ, ಏಳರ ಸಾಲಿನಲ್ಲೇ ಮುಗಿಯಬೇಕೋ ಎಂದು. ಚುಕ್ಕಿ ಸರಿಯಾಗಿದ್ದರೆ ಎಳೆ ತಾನಾಗಿ ಬರುತ್ತದೆ. ಒಂದು ಚುಕ್ಕಿ ತಪ್ಪಿದರೆ ನವಿಲಿನ ಕತ್ತು ಸೊಟ್ಟ. ಗುಡಿಯ ಶಿಲ್ಪಿಗಳದ್ದಂತೂ ಇನ್ನೂ ಕಟ್ಟುನಿಟ್ಟು. ಮುಖದ ಉದ್ದವನ್ನು ಒಂದು ‘ತಾಳ’ ಎಂದು ಹಿಡಿದು ಇಡೀ ಮೈಯನ್ನು ಅಳೆಯುವ ಪದ್ಧತಿ ಅವರದು. ದೇವತೆಗಳ ಎತ್ತರದ ಮೂರ್ತಿಗೆ ಒಂಬತ್ತು ತಾಳ, ಡೊಳ್ಳುಹೊಟ್ಟೆಯ ಗಣಪನಿಗೆ ಐದು. ತಲೆ ದೊಡ್ಡದಾಗಿ ಮೈ ಗಿಡ್ಡವಾದಷ್ಟೂ ರೂಪ ಮಗುವಿನ ಹಾಗೆ ಮುದ್ದಾಗುತ್ತದೆ ಎಂಬ ಗುಟ್ಟು ಆ ಶಿಲ್ಪಿಗಳಿಗೆ ಗೊತ್ತಿತ್ತು. ಹಾಲಿವುಡ್ಡಿನ ಕಾರ್ಟೂನುಗಾರರೂ ತಮ್ಮ ಪಾತ್ರಗಳ ಎತ್ತರವನ್ನು ‘ಇಷ್ಟು ತಲೆ’ ಎಂದೇ ಎಣಿಸುತ್ತಾರೆ. ಮಿಕ್ಕಿ ಸುಮಾರು ಮೂರು ತಲೆಯ ಆಸಾಮಿ.

ಆದರೆ ಈ ಹೋಲಿಕೆಯನ್ನು ಬಹಳ ದೂರ ಎಳೆಯುವ ಹಾಗಿಲ್ಲ. ರಂಗೋಲಿ ಇಡುವವಳಿಗೆ ನಾಳೆ ಬೇರೆ ಎಳೆ ಎಳೆಯುವ ಸ್ವಾತಂತ್ರ್ಯವಿದೆ. ಅಕಾಡೆಮಿಯ ಪಾಠದ ಹುಟ್ಟು ಬೇರೆ. ಅದು ಹುಟ್ಟಿದ್ದು ಕಾರ್ಖಾನೆಯಲ್ಲಿ.

ಮಿಕ್ಕಿಯನ್ನು ಮೊದಲು ಬರೆದ ಕೈ ವಾಲ್ಟ್ ಡಿಸ್ನಿಯದಲ್ಲ ಎಂಬುದು ಹಲವರಿಗೆ ಸೋಜಿಗವೆನಿಸಬಹುದು. ಕಲ್ಪನೆಯಲ್ಲಿ, ಗುಣ ಸ್ವಭಾವದಲ್ಲಿ ಡಿಸ್ನಿಯ ಪಾಲು ದೊಡ್ಡದು, ಮೊದಲ ವರ್ಷಗಳ ದನಿಯೂ ಅವರದೇ. ಗೆರೆ ಮಾತ್ರ ಅವರ ಗೆಳೆಯ ಅಬ್ ಐವರ್ಕ್ಸ್ ಅವರದು. 1928ರಲ್ಲಿ ‘ಪ್ಲೇನ್ ಕ್ರೇಜಿ’ ಎಂಬ ಪುಟ್ಟ ಚಿತ್ರವನ್ನು ಐವರ್ಕ್ಸ್ ಹೆಚ್ಚುಕಡಿಮೆ ಒಬ್ಬರೇ ಕುಳಿತು ಬರೆದರು. ದಿನಕ್ಕೆ 700 ಚಿತ್ರ ಬರೆದರೆಂದು ಹೇಳುತ್ತಾರೆ. ಅಷ್ಟು ಬರೆಯಬೇಕಾದರೆ ರೂಪ ಸರಳವಾಗಿರಲೇಬೇಕು. ತಲೆ ವೃತ್ತ, ಹೊಟ್ಟೆ ವೃತ್ತ, ಕಿವಿ ವೃತ್ತ. ಅದೇ ವರ್ಷ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ತೆರೆಕಂಡ ‘ಸ್ಟೀಮ್‌ಬೋಟ್ ವಿಲ್ಲಿ’ ಎಂಬ ಶಬ್ದಚಿತ್ರ ಈ ವೃತ್ತಗಳ ಇಲಿಯನ್ನು ಜಗತ್ತಿಗೆ ಪರಿಚಯಿಸಿತು. ಮಿಕ್ಕಿ ಯಾವ ಕಡೆ ತಿರುಗಿದರೂ ಅವನ ಕಿವಿಗಳು ದುಂಡಾಗಿಯೇ ಕಾಣುವುದಕ್ಕೂ ಈ ಆತುರದ ಸರಳತೆಯೇ ಮೂಲ. ತಟ್ಟೆಯನ್ನು ಪಕ್ಕದಿಂದ ನೋಡಿದರೆ ಗೆರೆಯಾಗಿ ಕಾಣಬೇಕಲ್ಲವೇ? ಸೈಡ್ ವ್ಯೂ, ಟಾಪ್ ವ್ಯೂ ಬಲ್ಲ ಪೀಣ್ಯದ ಡ್ರಾಫ್ಟ್ಸ್‌ಮನ್ ಯಾರಾದರೂ ಈ ಡ್ರಾಯಿಂಗನ್ನು ನೋಡಿದರೆ ಕೆಂಪು ಮಸಿಯಿಂದ ಗುರುತು ಹಾಕಿ ವಾಪಸು ಕಳಿಸಿಯಾರು.

ಒಬ್ಬರ ಕೈಯಲ್ಲಿ ಶುರುವಾದ ಕೆಲಸ ಬೇಗನೆ ನೂರಾರು ಕೈಗಳಿಗೆ ಹರಡಿತು. ಸಿನಿಮಾ ಪರದೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ. ಒಂದು ಚಿತ್ರವನ್ನು ಎರಡು ಚೌಕಟ್ಟಿಗೆ ಬಳಸಿದರೂ ಸೆಕೆಂಡಿಗೆ 12 ಚಿತ್ರ ಬೇಕು, ನಿಮಿಷಕ್ಕೆ 720. ಪರದೆಯ ಮೇಲೆ ಎರಡು ಪಾತ್ರಗಳಿದ್ದರೆ ಲೆಕ್ಕ ಇಮ್ಮಡಿ. ನೂರು ಮಂದಿ ಬರೆದ ಇಲಿ ನೂರು ಬಗೆಯ ಇಲಿಯಾಗಬಾರದು. ಇದಕ್ಕೆ ಸ್ಟುಡಿಯೊಗಳು ಕಂಡುಕೊಂಡ ದಾರಿಯೇ ‘ಮಾಡೆಲ್ ಶೀಟ್’. ಒಂದೇ ಹಾಳೆಯಲ್ಲಿ ಪಾತ್ರದ ಎದುರುಮುಖ, ಪಕ್ಕದ ಮುಖ, ಬೆನ್ನು, ನಗು, ಸಿಟ್ಟು. ತಲೆಗೆ ಇಷ್ಟು ಪಾಲು, ಕಿವಿ ಇಷ್ಟು ದೂರ. ಎಲ್ಲರ ಡೆಸ್ಕಿನ ಮುಂದೆಯೂ ಅದೇ ಹಾಳೆ. ಪೀಣ್ಯದ ಭಾಷೆಯಲ್ಲಿ ಹೇಳುವುದಾದರೆ ಅದೇ ಜಿಗ್, ಅದೇ ಗೇಜು. ಇಂದು ಉದ್ಯಾನಕ್ಕೆ ಬಂದವರಿಗೆ ಕಲಿಸುವ ವೃತ್ತ, ನಡುಗೆರೆ, ಕಣ್ಣಿನ ಗೆರೆ ಇವೆಲ್ಲ ಹೊಸಬರನ್ನು ಬೇಗ ಕೆಲಸಕ್ಕೆ ಹಚ್ಚುವುದಕ್ಕೆ ಬಳಸಿದ ಉಪಾಯಗಳೇ.

ಕೆಲಸದ ಹಂಚಿಕೆಯೂ ಕಾರ್ಖಾನೆಯದೇ. ಮುಖ್ಯ ಭಂಗಿಗಳನ್ನು ಹಿರಿಯ ಕಲಾವಿದ ಬರೆಯುತ್ತಿದ್ದ. ಕೈ ಎತ್ತಿದ್ದು ಒಂದು ಚಿತ್ರ, ಇಳಿಸಿದ್ದು ಇನ್ನೊಂದು. ನಡುವಿನ ಚಿತ್ರಗಳನ್ನು ತುಂಬುವುದು ಕಿರಿಯರ ಕೆಲಸ. ಆ ಗೆರೆಗಳನ್ನು ಸೆಲ್ಯುಲಾಯ್ಡ್ ಹಾಳೆಯ ಮೇಲೆ ಮಸಿಯಿಂದ ತಿದ್ದಿ ಬಣ್ಣ ತುಂಬುವ ವಿಭಾಗದಲ್ಲಿ ಹೆಚ್ಚಿನವರು ಹೆಂಗಸರು. 1937ರ ‘ಸ್ನೋವೈಟ್’ ಚಿತ್ರದ ಒಂದೊಂದು ಗೆರೆಯೂ ಅವರ ಕೈ ದಾಟಿ ಬಂದದ್ದು. ಆದರೂ ಕಲಾವಿದೆಯಾಗಲು ಅರ್ಜಿ ಹಾಕಿದ ಹೆಣ್ಣುಮಗಳೊಬ್ಬಳಿಗೆ, ಸೃಜನಶೀಲ ಕೆಲಸ ಗಂಡಸರಿಗೆ ಮಾತ್ರ ಎಂದು 1938ರಲ್ಲಿ ಸ್ಟುಡಿಯೊದಿಂದ ಹೋದ ಪತ್ರ ಇಂದಿಗೂ ಉಳಿದಿದೆ. ಯಾರದೋ ಪ್ಯಾಟರ್ನಿಗೆ ತಕ್ಕಂತೆ ದಿನಕ್ಕೆ ನೂರಾರು ಕಾಲರು ಹೊಲಿಯುವ ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಈ ಪತ್ರದ ಧಾಟಿ ಹೊಸದೆನಿಸಲಾರದು. ಸಂಬಳ, ಕೆಲಸದ ಭದ್ರತೆ, ಪರದೆಯ ಮೇಲೆ ಹೆಸರು, ಇವುಗಳ ಜಗಳ ಬೆಳೆದು 1941ರ ಮೇ 29ರಂದು ಡಿಸ್ನಿಯ ಕಲಾವಿದರು ಮುಷ್ಕರಕ್ಕೆ ಇಳಿದರು. ನಗುವ ಇಲಿಯ ಚಿತ್ರವಿದ್ದ ಫಲಕಗಳನ್ನೇ ಹಿಡಿದು ಗೇಟಿನ ಮುಂದೆ ನಿಂತರು. ಐವರ್ಕ್ಸ್ ಅದಕ್ಕೂ ಮೊದಲೇ, 1930ರಲ್ಲಿ, ಡಿಸ್ನಿಯನ್ನು ಬಿಟ್ಟು ಹೋಗಿ ಹತ್ತು ವರ್ಷ ಬಿಟ್ಟು ಮರಳಿದ್ದರು. ಅವರು ಹೋದರೂ ಇಲಿ ಹೋಗಲಿಲ್ಲ. ಡ್ರಾಯಿಂಗು ಕಂಪನಿಯದು ತಾನೇ?

ಉದ್ಯಾನದ ಕತೆಗೆ ಮರಳೋಣ. 1989ರ ಮೇ 1ರಂದು ಫ್ಲಾರಿಡಾದಲ್ಲಿ ಡಿಸ್ನಿ ತೆರೆದ ಇನ್ನೊಂದು ಉದ್ಯಾನದಲ್ಲಿ ಒಂದು ವಿಶೇಷವಿತ್ತು. ಅಲ್ಲಿ ಪ್ರದರ್ಶನಕ್ಕೆ ಇಟ್ಟದ್ದು ಗೊಂಬೆಗಳನ್ನಲ್ಲ, ಕೆಲಸಗಾರರನ್ನು. ದೊಡ್ಡ ಗಾಜಿನ ಗೋಡೆ. ಈ ಕಡೆ ಟಿಕೆಟು ಕೊಂಡು ಬಂದ ಜನ, ಆ ಕಡೆ ಡೆಸ್ಕಿಗೆ ಬಗ್ಗಿ ಚಿತ್ರ ಬರೆಯುತ್ತಿದ್ದ ಕಲಾವಿದರು. ನಟನೆಯಲ್ಲ, ನಿಜವಾದ ಕೆಲಸ. 1998ರ ‘ಮುಲಾನ್’, 2002ರ ‘ಲಿಲೊ ಅಂಡ್ ಸ್ಟಿಚ್’ ಮುಖ್ಯವಾಗಿ ಈ ಗಾಜಿನ ಹಿಂದೆ ತಯಾರಾದ ಚಿತ್ರಗಳು. ಮೃಗಾಲಯದ ಪ್ರಾಣಿಗಳಂತೆ ದಿನವಿಡೀ ನೋಡಿಸಿಕೊಳ್ಳುತ್ತ ಕೆಲಸ ಮಾಡುವುದು ಎಷ್ಟು ಕಷ್ಟವೋ! ಆದರೂ ಗಾಜಿಗೆ ಮೂಗು ಒತ್ತಿ ನಿಂತ ಮಕ್ಕಳಲ್ಲಿ ಕೆಲವರಿಗಾದರೂ, ಇದನ್ನೆಲ್ಲ ಮನುಷ್ಯರೇ ಬರೆಯುತ್ತಾರೆ ಎಂಬ ಅರಿವು ಅಲ್ಲಿ ಮೂಡಿದ್ದಿರಬೇಕು.

ಅಷ್ಟರಲ್ಲಿ ಕಂಪ್ಯೂಟರ್ ಬಂತು. ಕೈಯಿಂದ ಬರೆದ ಚಿತ್ರಗಳಿಗೆ ಗಲ್ಲಾಪೆಟ್ಟಿಗೆ ತುಂಬುವುದು ನಿಂತಿತು ಎಂದು ಕಂಪನಿಗೆ ಅನಿಸಿತು. 2004ರ ಜನವರಿಯಲ್ಲಿ ಫ್ಲಾರಿಡಾದ ಸ್ಟುಡಿಯೊ ಮುಚ್ಚಿತು, ಇನ್ನೂರೈವತ್ತರ ಆಸುಪಾಸು ಮಂದಿ ಕೆಲಸ ಕಳೆದುಕೊಂಡರು. ವಿಚಿತ್ರವೆಂದರೆ ಪ್ರೇಕ್ಷಕರ ಅಂಗಳ ಮಾತ್ರ ಮುಚ್ಚಲಿಲ್ಲ. ಕೆಲಸಗಾರರು ಹೋದ ಮೇಲೂ ಅಲ್ಲಿ ಪ್ರವಾಸಿಗರಿಗೆ ಚಿತ್ರ ಕಲಿಸುವ ಪಾಠ 2015ರ ಜುಲೈವರೆಗೆ ನಡೆಯಿತು. ಕಸುಬುದಾರರು ಪೆನ್ಸಿಲು ಕೆಳಗಿಟ್ಟ ಕಟ್ಟಡದಲ್ಲೇ ರಜೆಗೆ ಬಂದವರು ಪೆನ್ಸಿಲು ಹಿಡಿದು ಮಿಕ್ಕಿಯನ್ನು ಕಲಿತರು. ರಾಟೆ ಬೀದಿಯಿಂದ ಹೋಗಿ ವಸ್ತುಸಂಗ್ರಹಾಲಯ ಸೇರಿದ ಹಾಗೆ.

ಕೆಲಸ ಎಲ್ಲಿ ಹೋಯಿತು? ಒಂದು ಪಾಲು ಕಂಪ್ಯೂಟರಿಗೆ ಹೋಯಿತು. ಇನ್ನೊಂದು ಪಾಲು ಏಷ್ಯಾದ ಊರುಗಳಿಗೆ ಬಂತು. ಅಮೆರಿಕದ ಟಿ.ವಿ. ಕಾರ್ಟೂನುಗಳ ಕೈಕೆಲಸ ಮೊದಲು ಜಪಾನಿಗೆ, ಆಮೇಲೆ ತೈವಾನ್, ಕೊರಿಯಾ, ಫಿಲಿಪೀನ್ಸ್‌ಗಳಿಗೆ, ಕೊನೆಗೆ ಭಾರತಕ್ಕೆ ಹರಿಯಿತು. ಅದರಲ್ಲಿ ಬೆಂಗಳೂರಿಗೆ ದಕ್ಕಿದ್ದು ದೊಡ್ಡ ಭಾಗ. 1993ರಿಂದ ದೂರದರ್ಶನದಲ್ಲಿ ಭಾನುವಾರ ಡಿಸ್ನಿಯ ಬಾತುಕೋಳಿಗಳನ್ನು ನೋಡುತ್ತ ಬೆಳೆದ ಮಕ್ಕಳು ದೊಡ್ಡವರಾಗುವ ಹೊತ್ತಿಗೆ, ಅಂಥ ಪಾತ್ರಗಳನ್ನೇ ಅಲುಗಾಡಿಸುವ ಉದ್ಯೋಗ ಈ ಊರಿನಲ್ಲಿ ಸಿಗತೊಡಗಿತ್ತು. 2016ರ ‘ಜಂಗಲ್ ಬುಕ್’ ಚಿತ್ರದ ಕರಡಿ, ಹುಲಿಗಳಿಗೆ ಕಂಪ್ಯೂಟರಿನಲ್ಲಿ ಮೈ ರೋಮ ಕೊಟ್ಟವರಲ್ಲಿ ಎಂ.ಪಿ.ಸಿ. ಸಂಸ್ಥೆಯ ಬೆಂಗಳೂರಿನ ಕಲಾವಿದರೂ ಇದ್ದರು. ಆ ಚಿತ್ರದ ದೃಶ್ಯತಂತ್ರಕ್ಕೆ 2017ರಲ್ಲಿ ಆಸ್ಕರ್ ಬಂತು. ಕರ್ನಾಟಕ ಸರ್ಕಾರವೂ ಅನಿಮೇಷನ್ ಉದ್ಯಮಕ್ಕೆಂದೇ 2012ರಲ್ಲಿ ಒಂದು ನೀತಿ ತಂದಿತು.

ಆದರೆ ಇದೂ ಜಾಬ್ ವರ್ಕೇ. ಪಾತ್ರ ಅವರದು, ಕತೆ ಅವರದು, ಮಾಡೆಲ್ ಶೀಟು ಅವರದು. ಕೈ ಮಾತ್ರ ಇಲ್ಲಿಯದು. 2025ರ ಫೆಬ್ರುವರಿಯಲ್ಲಿ ಎಂ.ಪಿ.ಸಿ.ಯ ಒಡೆತನ ಹೊಂದಿದ್ದ ಟೆಕ್ನಿಕಲರ್ ಸಮೂಹ ಯೂರೋಪಿನಲ್ಲಿ ದಿವಾಳಿಯಂಚಿಗೆ ಬಂದು ನಿಂತಾಗ ಬೆಂಗಳೂರಿನ ಸ್ಟುಡಿಯೊ ಕೂಡ ಬಾಗಿಲು ಹಾಕಿತು. ಸಾವಿರಾರು ಮಂದಿ ಒಂದೇ ವಾರದಲ್ಲಿ ಕೆಲಸವಿಲ್ಲದವರಾದರು. ಇಲ್ಲಿ ಕೆಲಸ ಕೆಟ್ಟದ್ದಾಗಿತ್ತೆಂದು ಯಾರೂ ಹೇಳಲಿಲ್ಲ. ದೊಡ್ಡ ಕಂಪನಿಯ ಆರ್ಡರು ನಿಂತಾಗ ಪೀಣ್ಯದ ಸಣ್ಣ ಶೆಡ್ಡಿನ ಲೇತು ನಿಲ್ಲುವುದೂ ಕೆಲಸ ಕೆಟ್ಟಿದ್ದಕ್ಕಲ್ಲ.

ಹಾಗೆಂದು ಪೀಣ್ಯ ಬರೀ ಪರರ ಡ್ರಾಯಿಂಗಿಗೆ ದುಡಿದ ಊರಲ್ಲ. 1970ರ ದಶಕದ ಆರಂಭದಲ್ಲಿ ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ನೇತೃತ್ವದ ತಂಡ ಇಲ್ಲಿಯ ಕೈಗಾರಿಕಾ ಶೆಡ್ಡುಗಳಲ್ಲೇ ಕುಳಿತು ಭಾರತದ ಮೊದಲ ಉಪಗ್ರಹ ‘ಆರ್ಯಭಟ’ವನ್ನು ಕಟ್ಟಿತು. 26 ಮುಖಗಳ, 360 ಕಿಲೊ ತೂಕದ ಆ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ರಾಕೆಟ್ಟು ಅವರದಾದರೂ ಉಪಗ್ರಹದ ಡ್ರಾಯಿಂಗು ಇಲ್ಲಿಯದು. ಬಹುಕಾಲ ಎರಡು ರೂಪಾಯಿ ನೋಟಿನ ಬೆನ್ನಿಗಿದ್ದದ್ದು ಅದರ ಚಿತ್ರವೇ.

ಕಾರ್ಟೂನಿನಲ್ಲೂ ಇಂಥದೊಂದು ದಾರಿ ಕರ್ನಾಟಕದಲ್ಲೇ ಇತ್ತು. 1921ರ ಅಕ್ಟೋಬರ್ 24ರಂದು ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರಿಗೆ ಯಾವ ಅಕಾಡೆಮಿಯೂ ಇರಲಿಲ್ಲ. ಮನೆಯ ನೆಲ, ಗೋಡೆ, ಬಾಗಿಲುಗಳೇ ಹಾಳೆ. ಶಾಲೆಯಲ್ಲಿ ಒಮ್ಮೆ ಎಲೆಯ ಚಿತ್ರ ಬರೆಯಲು ಹೇಳಿದಾಗ ಹುಡುಗ ಬರೆದ ಅರಳಿ ಎಲೆಯನ್ನು ಮೇಷ್ಟ್ರು ಮೆಚ್ಚಿಕೊಂಡರು. ಅಲ್ಲಿಂದ ತಾನು ಚಿತ್ರಗಾರನೆಂಬ ನಂಬಿಕೆ ಹುಟ್ಟಿತೆಂದು ಅವರೇ ನೆನೆಸಿಕೊಂಡಿದ್ದಾರೆ. ಪತ್ರಿಕೆಯಲ್ಲಿ ಬರುತ್ತಿದ್ದ ಡೇವಿಡ್ ಲೋ ಅವರ ವ್ಯಂಗ್ಯಚಿತ್ರಗಳನ್ನು ಕಣ್ಣಿಟ್ಟು ನೋಡುತ್ತಿದ್ದರು, ಸಹಿಯನ್ನು ‘ಕೌ’ ಎಂದು ತಪ್ಪಾಗಿ ಓದಿಕೊಂಡು! ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರೆ, ವಿದ್ಯಾರ್ಥಿಯಾಗುವಷ್ಟು ಪ್ರತಿಭೆ ಈ ಚಿತ್ರಗಳಲ್ಲಿ ಕಾಣದು ಎಂಬ ಉತ್ತರ ಬಂತು. ಮೈಸೂರಿನಲ್ಲೇ ಬಿ.ಎ. ಓದಿದರು. 1942ರಲ್ಲಿ ಡಾ. ಎಂ. ಶಿವರಾಂ ಅವರು, ಅಂದರೆ ಎಲ್ಲರೂ ಬಲ್ಲ ರಾಶಿ ಅವರು, ಆರಂಭಿಸಿದ ‘ಕೊರವಂಜಿ’ ಮಾಸಪತ್ರಿಕೆಗೆ ಚಿತ್ರ ಬರೆದರು. ಬಳಿಕ ಮುಂಬಯಿ ಸೇರಿ, 1951ರಿಂದ ಟೈಮ್ಸ್ ಆಫ್ ಇಂಡಿಯಾದಲ್ಲಿ ಚೌಕಳಿ ಕೋಟು, ಧೋತರ, ದುಂಡು ಕನ್ನಡಕದ ‘ಶ್ರೀಸಾಮಾನ್ಯ’ನನ್ನು ದಿನವೂ ನಿಲ್ಲಿಸಿದರು.

ಲಕ್ಷ್ಮಣ್ ವೃತ್ತದಿಂದ ಶುರು ಮಾಡಲಿಲ್ಲ, ನೋಡುವುದರಿಂದ ಶುರು ಮಾಡಿದರು. ಮನೆಯ ಕಿಟಕಿಯ ಆಚೆಗಿನ ಕಾಗೆ ಅವರ ಮೊದಲ ಮಾದರಿಗಳಲ್ಲಿ ಒಂದು. ಕಾಗೆಗೆ ಮಾಡೆಲ್ ಶೀಟು ಇಲ್ಲ. ಅದು ಕತ್ತು ಓರೆ ಮಾಡುವ ಬಗೆ, ಹಾರುವ ಮೊದಲು ಮೈ ಕುಗ್ಗಿಸುವ ಬಗೆ ಇವನ್ನೆಲ್ಲ ಕಾದು ನೋಡಿದವರಿಗೆ ಮಾತ್ರ ಅದು ಹಾಳೆಯ ಮೇಲೆ ಬರುತ್ತದೆ. ಇಪ್ಪತ್ತು ನಿಮಿಷದಲ್ಲಿ ಬರುವ ವಿದ್ಯೆಯಲ್ಲ. ಡೆಕ್ಕನ್ ಹೆರಾಲ್ಡ್‌ನಲ್ಲಿ ಬಿ.ವಿ. ರಾಮಮೂರ್ತಿ ಅವರ ‘ಮಿಸ್ಟರ್ ಸಿಟಿಜನ್’ ದಶಕಗಳ ಕಾಲ ಓದುಗರಿಗೆ ಪಕ್ಕದ ಮನೆಯವನಂತೆ ಕಂಡದ್ದಕ್ಕೂ ಇಂಥ ನೋಟವೇ ಕಾರಣವಿರಬೇಕು.

ಉದ್ಯಾನದ ಪಾಠವನ್ನು ಇದರ ಪಕ್ಕದಲ್ಲಿಟ್ಟು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ‘ನನಗೆ ಚಿತ್ರ ಬರೆಯಲು ಬರುವುದಿಲ್ಲ’ ಎಂದು ನಲವತ್ತು ವರ್ಷ ನಂಬಿಕೊಂಡು ಬಂದವರ ಕೈಯಿಂದ ಒಂದು ಮುಖ ಮೂಡಿಸುವುದು ಸಣ್ಣ ಸಂಗತಿಯಲ್ಲ. ನಕಲು ಮಾಡದೆ ಕಲಿತ ಚಿತ್ರಗಾರನೂ ಇಲ್ಲ, ಟರ್ನರನೂ ಇಲ್ಲ. ತೊಡಕಿರುವುದು ನಕಲಿನಲ್ಲಲ್ಲ. ಇಲ್ಲಿಯ ಮಕ್ಕಳ ಚಿತ್ರದ ಪುಸ್ತಕ ತೆರೆದರೆ ಮಿಕ್ಕಿ, ಡೊರೇಮಾನ್, ಛೋಟಾ ಭೀಮ್ ಸಾಲಾಗಿ ಸಿಗುತ್ತಾರೆ. ಗೇಟಿನ ಬಳಿ ಚಹಾ ಮಾರುವವರೋ ಎರಡನೇ ಪಾಳಿ ಮುಗಿಸಿ ಬಂದ ಅಪ್ಪನೋ ಸಿಗುವುದು ಅಪರೂಪ. ಅಪ್ಪನ ಮುಖಕ್ಕೂ ಒಂದು ನಡುಗೆರೆ, ಒಂದು ಕಣ್ಣಿನ ಗೆರೆ ಇದ್ದೇ ಇದೆ. ಆ ಎರಡು ಗೆರೆ ಹಾಕಿಕೊಂಡು ಅಪ್ಪನನ್ನು ಬರೆಯಬಹುದು ಎಂದು ಮಗುವಿಗೆ ಯಾರಾದರೂ ಹೇಳಬೇಕು, ಅಷ್ಟೆ.

ಇಲಿಯ ಹಕ್ಕಿನ ವಿಷಯದಲ್ಲಿ ಒಂದು ಹೊಸ ಸಂಗತಿಯೂ ಇದೆ. 2024ರ ಜನವರಿ 1ರಂದು ಅಮೆರಿಕದಲ್ಲಿ ‘ಸ್ಟೀಮ್‌ಬೋಟ್ ವಿಲ್ಲಿ’ಯ ಹಕ್ಕುಸ್ವಾಮ್ಯದ ಅವಧಿ ಮುಗಿಯಿತು. ಕೈಗವಸು ತೊಡದ ಆ ಕಪ್ಪುಬಿಳುಪಿನ ಮೊದಲ ಮಿಕ್ಕಿಯನ್ನು ಅಲ್ಲಿ ಈಗ ಯಾರು ಬೇಕಾದರೂ ತಮ್ಮ ಕತೆಯಲ್ಲಿ ತರಬಹುದು. ತೀರ ಈಚಿನ ಮಿಕ್ಕಿಗಳು, ಟ್ರೇಡ್‌ಮಾರ್ಕ್ ಎಲ್ಲ ಕಂಪನಿಯ ಬಳಿಯೇ ಇವೆ. ಭಾರತದ ಕಾಯಿದೆಯ ಲೆಕ್ಕ ಬೇರೆ; ಅಂಗಿಯ ಮೇಲೆ ಅಚ್ಚು ಹಾಕಿ ಮಾರುವ ಮೊದಲು ವಕೀಲರನ್ನು ಕೇಳುವುದು ಕ್ಷೇಮ. ನೋಟ್‌ಬುಕ್ಕಿನಲ್ಲಿ ಬರೆಯುವ ಮಗುವಿಗೆ ಈ ಚಿಂತೆ ಬೇಡ.

ಪೀಣ್ಯದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿಕೊಂಡರೆ ಟ್ರಿನಿಟಿ ನಿಲ್ದಾಣ ಸಿಗುತ್ತದೆ. ಅಲ್ಲಿಗೆ ಹತ್ತಿರದ ಮಿಡ್‌ಫೋರ್ಡ್ ಗಾರ್ಡನ್‌ನಲ್ಲಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆ 2007ರಲ್ಲಿ ವ್ಯಂಗ್ಯಚಿತ್ರಗಳಿಗೆಂದೇ ಒಂದು ಗ್ಯಾಲರಿ ತೆರೆಯಿತು. ಕಲಾವಿದ ವಿ.ಜಿ. ನರೇಂದ್ರ ಅವರ ಹಟದ ಫಲ ಅದು. ಮಕ್ಕಳನ್ನು ಕರೆದುಕೊಂಡು ಹೋದವರು ವ್ಯಂಗ್ಯಚಿತ್ರದ ಮೂಲಪ್ರತಿ ಕಂಡರೆ ತುಸು ಹತ್ತಿರ ನಿಂತು ನೋಡುವುದು ಒಳ್ಳೆಯದು. ಪತ್ರಿಕೆಯಲ್ಲಿ ಅಚ್ಚಾದಾಗ ಕಾಣದ ಕೆಲವು ಗುರುತುಗಳು ಮೂಲಪ್ರತಿಗಳಲ್ಲಿ ಉಳಿದಿರುವುದುಂಟು: ತಪ್ಪಿದ ಕಡೆ ಬಳಿದ ಬಿಳಿ ಬಣ್ಣ, ಮಸಿಯ ಅಡಿಯಲ್ಲಿ ಅಳಿಸದೆ ಉಳಿದ ಪೆನ್ಸಿಲಿನ ನಡುಗೆರೆ.